ಅಲರ್ಜಿ ಪರೀಕ್ಷೆ: ತಾರೀಖು ಕೊಡುವಾಗಲೇ ಹೇಳಬಾರದೇ?

ಮಾನ್ಯ ಸಂಪಾದಕರೇ,

ಬೆಟಗೇರಿಯಲ್ಲಿ ನನ್ನದು ಕಿರಾಣಿ ಅಂಗಡಿ. ನನ್ನ ಮೂರು ವರ್ಷದ ಮಗಳಿಗೆ ಶೇಂಗಾ ಅಲರ್ಜಿ. ದಿನಾ ಶೇಂಗಾ ತೂಗುವವನ ಮನೆಯಲ್ಲೇ ಹೀಗಾಯ್ತಲ್ಲ ಎಂದು ಗಿರಾಕಿಗಳು ನಗುತ್ತಾರೆ. ನಗಲಿ ಬಿಡಿ. ಆದರೆ ಅದು ಗೊತ್ತಾಗುವಷ್ಟರಲ್ಲಿ ನಾವು ಪಟ್ಟ ಪಾಡಿನಲ್ಲಿ ಅರ್ಧ ಬೇಡದ ಪಾಡು.

ಪಂಚಮಿಯಲ್ಲಿ ಶೇಂಗಾ ಉಂಡಿ ತಿಂದ ಸ್ವಲ್ಪ ಹೊತ್ತಿಗೆ ಅವಳ ಮೈತುಂಬ ಗಂಧೆ ಎದ್ದವು, ತುಟಿ ಬಾತಿತು. ಇಲ್ಲಿನ ಮಕ್ಕಳ ಡಾಕ್ಟರು ಔಷಧ ಕೊಟ್ಟು ಇಳಿಸಿದರು. ಮುಂದೆ ಹುಬ್ಬಳ್ಳಿಯಲ್ಲಿ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ ಮಾಡಿಸಿ ಎಂದರು. ಫೋನ್ ಮಾಡಿ ತಾರೀಖು ತಗೊಂಡೆವು. ಅಂಗಡಿ ಮುಚ್ಚಿ ಹೋಗಿ, ಸರದಿಯಲ್ಲಿ ಕೂತು, ಒಳಗೆ ಕರೆದ ಮೇಲೆ ಕೇಳಿದರು: ‘ನೆಗಡಿ ಸಿರಪ್ ಏನಾದರೂ ಕೊಟ್ಟಿದ್ದೀರಾ?’ ಹಿಂದಿನ ರಾತ್ರಿಯಷ್ಟೇ ಕೊಟ್ಟಿದ್ದೆವು. ಹಾಗಾದರೆ ಆಗಲ್ಲ, ಇನ್ನೊಂದು ದಿನ ಬನ್ನಿ ಎಂದರು.

ಸೆಟ್ರಿಜಿನ್ ಥರದ, ಅಲರ್ಜಿ ಇಳಿಸುವ ಔಷಧವನ್ನು, ಅಂಥದ್ದು ಸೇರಿರುವ ನೆಗಡಿ ಸಿರಪ್‌ನ್ನು ಡಾಕ್ಟರನ್ನು ಕೇಳಿ 5ರಿಂದ 7 ದಿನ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಅಲರ್ಜಿ ಇದ್ದರೂ ಚುಚ್ಚಿದ ಜಾಗದಲ್ಲಿ ಗುಳ್ಳೆ ಏಳುವುದಿಲ್ಲ. ನಿಲ್ಲಿಸಲು ಆಗದ ಮಕ್ಕಳಿಗೆ ರಕ್ತ ಪರೀಕ್ಷೆ ಇದೆ, ಅದಕ್ಕೆ ಈ ಔಷಧ ಅಡ್ಡಿಯಲ್ಲ. ಇಷ್ಟು ಮಾತನ್ನು ಫೋನಿನಲ್ಲಿ ಹೇಳಲು ಎಷ್ಟು ಹೊತ್ತು ಬೇಕು?

ಮತ್ತೆ ಹೋದಾಗ ಪರೀಕ್ಷೆ ಸಲೀಸಾಗಿ ಆಯಿತು. ಮುಂಗೈ ಮೇಲೆ ಪೆನ್ನಿನಿಂದ ನಂಬರ್ ಬರೆದು, ಪಕ್ಕದಲ್ಲಿ ಶೇಂಗಾ, ಗೋಧಿ ಹೀಗೆ ಒಂದೊಂದು ಪದಾರ್ಥದ ಸಾರದ ಹನಿ ಬಿಟ್ಟು, ಹನಿಯ ಮೇಲೇ ಸಣ್ಣ ಮೊನೆಯಿಂದ ಚುಚ್ಚಿದರು. ರಕ್ತ ಬರಲಿಲ್ಲ, ಮಗಳು ಅಳಲೂ ಇಲ್ಲ. ಆಮೇಲೆ ಕಾಲು ಗಂಟೆ ಅವಳು ಕೆರೆದುಕೊಳ್ಳದಂತೆ ಕೈ ಹಿಡಿದು ಕೂರುವುದೇ ದೊಡ್ಡ ಕೆಲಸ. ಕೊನೆಗೆ ಸ್ಕೇಲ್ ಇಟ್ಟು ಗುಳ್ಳೆ ಅಳೆದರು. ಬರೀ ಉಪ್ಪುನೀರಿನ ಹನಿ ಹಾಕಿದ ಜಾಗಕ್ಕಿಂತ 3 ಮಿಲಿಮೀಟರ್ ಅಥವಾ ಜಾಸ್ತಿ ಎದ್ದರೆ ಪಾಸಿಟಿವ್.

ಶೇಂಗಾ ಎದ್ದಿತು, ಗೋಧಿಯೂ ಎದ್ದಿತು. ‘ಚಪಾತಿ ತಿಂದಾಗ ಏನಾದರೂ ಆಗುತ್ತಾ?’ ಎಂದು ಡಾಕ್ಟರು ಕೇಳಿದರು. ಏನೂ ಇಲ್ಲ, ದಿನಾ ತಿಂತಾಳೆ ಅಂದೆವು. ‘ಹಾಗಾದರೆ ಕೊಡ್ತಾ ಇರಿ. ಗುಳ್ಳೆ ಎದ್ದದ್ದೆಲ್ಲ ಅಲರ್ಜಿ ಅಲ್ಲ’ ಎಂದು ತಾಳ್ಮೆಯಿಂದ ಬಿಡಿಸಿ ಹೇಳಿದರು. ಆದರೆ ಕೈಗೆ ಬಂದ ಇಂಗ್ಲಿಷ್ ರಿಪೋರ್ಟಿನಲ್ಲಿ ಎರಡರ ಮುಂದೆಯೂ ಪಾಸಿಟಿವ್ ಅಂತಲೇ ಇದೆ. ಬರೀ ಆ ಹಾಳೆ ಮನೆಗೆ ಬಂದಿದ್ದರೆ ಅವತ್ತೇ ಚಪಾತಿ ಬಂದ್. ನಮ್ಮ ಓಣಿಯಲ್ಲಿ ಒಂದು ಮಗುವಿಗೆ ಹಾಗೇ ಆಗಿದೆ. ಹತ್ತಾರು ಪದಾರ್ಥ ಒಟ್ಟಿಗೆ ನೋಡುವ ರಕ್ತ ಪರೀಕ್ಷೆಯ ಪ್ಯಾಕೇಜ್ ಮಾಡಿಸಿ, ರಿಪೋರ್ಟ್ ನೋಡಿ ಹಾಲು, ಗೋಧಿ, ತೊಗರಿಬೇಳೆ ಎಲ್ಲ ಬಿಡಿಸಿದ್ದಾರೆ. ಡಾಕ್ಟರಿಗೆ ತೋರಿಸಿಲ್ಲ. ಮಗು ಸೊರಗಿದೆ.

ಅಲರ್ಜಿ ಪರೀಕ್ಷೆ ಮಾಡುವ ಆಸ್ಪತ್ರೆ, ಲ್ಯಾಬುಗಳು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಲಿ. ಯಾವ ಔಷಧ ಯಾವಾಗ ನಿಲ್ಲಿಸಬೇಕು, ರಿಪೋರ್ಟ್ ನೋಡಿ ತಾವೇ ಊಟ ಬಿಡಿಸಬಾರದು ಎಂದು ಅದರಲ್ಲಿರಲಿ. ಇನ್ನೊಂದು ಮಾತು ದಪ್ಪ ಅಕ್ಷರದಲ್ಲಿರಲಿ: ಉಸಿರು ಕಟ್ಟಿದರೆ, ಮಗು ನಿತ್ರಾಣವಾಗಿ ಬಿದ್ದರೆ ಸಿರಪ್ ಕುಡಿಸಿ ಕಾಯಬೇಡಿ, ಕೂಡಲೇ 108ಕ್ಕೆ ಫೋನ್ ಮಾಡಿ. ಆಗ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಜಿಲ್ಲಾ ಆರೋಗ್ಯ ಇಲಾಖೆಯವರು ಮನಸ್ಸು ಮಾಡಿದರೆ ಲಸಿಕೆ ದಿನ ಆಶಾ ಕಾರ್ಯಕರ್ತೆಯರ ಕೈಯಲ್ಲೇ ಇದನ್ನು ಹಂಚಬಹುದು.

– ಒಬ್ಬ ತಂದೆ, ಬೆಟಗೇರಿ, ಗದಗ