‘ನೀವೇ ಜೋಡಿಸಿಕೊಳ್ಳಿ’ ಎಂದು ಮಾರಿದ ಸೋಲಾರ್ ಕಿಟ್ಟಿಗೆ ವಾರಂಟಿ ನಿರಾಕರಿಸಿರುವ ಕುರಿತು ದೂರು

ಗೆ,
ಗ್ರಾಹಕರ ದೂರು ಪರಿಹಾರ ಅಧಿಕಾರಿಗಳು

ಮಾನ್ಯರೇ,

ತಮ್ಮ ಜಾಲತಾಣದಲ್ಲಿ ನಾನು ಖರೀದಿಸಿದ 5 ಕಿಲೋವ್ಯಾಟ್ ಇನ್ವರ್ಟರ್, 540 ವ್ಯಾಟಿನ ಆರು ಪ್ಯಾನೆಲ್ ಹಾಗೂ 51.2 ವೋಲ್ಟ್, 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಇರುವ ಕಿಟ್ಟಿನ ವಾರಂಟಿಯನ್ನು, ‘ಅಧಿಕೃತ ತಂತ್ರಜ್ಞರು ಅಳವಡಿಸಿಲ್ಲ’ ಎಂಬ ಒಂದೇ ಕಾರಣ ಮುಂದಿಟ್ಟು ತಾವು ನಿರಾಕರಿಸಿದ್ದೀರಿ. ಮನೆಯವರೇ ಜೋಡಿಸಿಕೊಳ್ಳಬಹುದೆಂದು ಜಾಹೀರಾತು ಕೊಟ್ಟು, ಬಿಲ್ಲಿನಲ್ಲೂ ಹಾಗೆಯೇ ನಮೂದಿಸಿ ಹಣ ಪಡೆದವರು ಈಗ ಇದನ್ನೇ ತಪ್ಪೆಂದು ಹೇಳುವುದು ಹೇಗೆ ಎಂಬುದು ನನಗೆ ಅರ್ಥವಾಗಿಲ್ಲ.

ನಮ್ಮದು ಶಿರಸಿ ತಾಲ್ಲೂಕಿನ ಹಳ್ಳಿ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಮನೆಯ ಮಾಡಿನ ಸೋಲಾರಿಗೆಂದು ಇರುವ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಡಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ ಎಂಬುದು ತಿಳಿದೇ ಇತ್ತು. ಆದರೆ ಅದರಡಿ ಸಾಮಾನ್ಯವಾಗಿ ಹಾಕುವ, ಬ್ಯಾಟರಿಯಿಲ್ಲದೆ ಗ್ರಿಡ್ಡಿಗೆ (ಸಾರ್ವಜನಿಕ ವಿದ್ಯುತ್ ಜಾಲಕ್ಕೆ) ಜೋಡಿಸುವ ಇನ್ವರ್ಟರ್, ಲೈನ್‌ಮನ್‌ಗಳ ಸುರಕ್ಷತೆಗಾಗಿ, ಕರೆಂಟು ಹೋದೊಡನೆ ತಾನೂ ನಿಲ್ಲುವುದರಿಂದ ಅದು ನಮ್ಮ ಅಗತ್ಯಕ್ಕೆ ಒದಗುವುದಿಲ್ಲ. ಫ್ರಿಡ್ಜ್, ಫ್ಯಾನು, ದೀಪ, ವೈಫೈ ಇವಿಷ್ಟಕ್ಕೆ ರಾತ್ರಿ ಪೂರ್ತಿ ಬೇಕಾದ ವಿದ್ಯುತ್ತಿನ ಲೆಕ್ಕ ಹಾಕಿ, ತಮ್ಮ ಸಿಬ್ಬಂದಿಗೆ ಅದನ್ನು ಕಳಿಸಿ, ಅವರು ಒಪ್ಪಿದ ಮೇಲೆಯೇ ಹಣ ಕಟ್ಟಿದ್ದೇನೆ. ಅರ್ಥಿಂಗ್ ಹಾಗೂ ಮನೆಯ ಬೋರ್ಡಿನ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಿದ್ದಾರೆ.

ಕಿಟ್ಟಿನಲ್ಲಿ ಪ್ಯಾನೆಲ್ ಕಡೆಗೆಂದು ತಾವು ಕೊಟ್ಟಿರುವ ಎಂಸಿಬಿಯ (ಕರೆಂಟು ಮಿತಿಮೀರಿದಾಗ ತಾನೇ ಕಡಿಯುವ ಸ್ವಿಚ್ಚಿನ) ಮುಖದ ಮೇಲೆ 240/415 ವೋಲ್ಟ್ ಎಂದೂ, ಅದರ ಪಕ್ಕದಲ್ಲಿ ಎಸಿಯನ್ನು (ಮನೆಗೆ ಬರುವ, ದಿಕ್ಕು ಬದಲಿಸುತ್ತಲೇ ಇರುವ ಕರೆಂಟನ್ನು) ಸೂಚಿಸುವ ಅಲೆಯ ಗುರುತೂ ಅಚ್ಚಾಗಿವೆ. ಡಿಸಿಯ, ಅಂದರೆ ಪ್ಯಾನೆಲ್ಲುಗಳು ಕೊಡುವ ಒಂದೇ ದಿಕ್ಕಿನ ಕರೆಂಟಿನ, ಗುರುತು ಎಲ್ಲಿಯೂ ಇಲ್ಲ. ಆರು ಪ್ಯಾನೆಲ್ ಸರಣಿಯಲ್ಲಿ ಸೇರಿದರೆ ಡಿಸಿ 300 ವೋಲ್ಟಿನ ಸಮೀಪಕ್ಕೆ ಹೋಗುತ್ತದೆ. ಎಸಿ ಕರೆಂಟು ಸೆಕೆಂಡಿಗೆ ನೂರು ಬಾರಿ ಸೊನ್ನೆ ಮುಟ್ಟುವುದರಿಂದ ಸ್ವಿಚ್ಚಿನೊಳಗಿನ ಕಿಡಿ ಆರಿಹೋಗುತ್ತದೆ. ಡಿಸಿಯಲ್ಲಿ ಹಾಗೆ ಆರದೆ ಉರಿಯುತ್ತಲೇ ಇದ್ದು ಎಂಸಿಬಿಯೇ ಕರಗಿ ಬೆಂಕಿ ಹತ್ತಬಹುದು. ಹೆಂಚಿನ ಮಾಡು, ಮರದ ಅಟ್ಟ ಇರುವ ಮನೆಗೆ ಇಂಥ ವಸ್ತುವನ್ನು ಕಳಿಸಿದವರು ಅಳವಡಿಕೆಯ ಗುಣಮಟ್ಟದ ಬಗ್ಗೆ ನನಗೆ ಪಾಠ ಹೇಳುವುದು ವಿಚಿತ್ರವಾಗಿದೆ.

ಎರಡನೆಯದು ಬ್ಯಾಟರಿಯ ವಿಷಯ. ಬ್ಯಾಟರಿಯ ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಒಳಗಿನ ಸರ್ಕ್ಯೂಟ್) ಇನ್ವರ್ಟರಿನೊಡನೆ ಮಾತಾಡಬೇಕಾದ ಕೇಬಲ್ಲಿನ ಪಿನ್ನುಗಳ ಕ್ರಮ ಎರಡೂ ಉಪಕರಣಗಳಿಗೆ ಹೊಂದುವುದಿಲ್ಲ, ಕೈಪಿಡಿಯಲ್ಲಿ ಲಿಥಿಯಂ ಸೆಟ್ಟಿಂಗ್ ಇಲ್ಲ. ಫೋನಿನಲ್ಲಿ ತಮ್ಮ ಸಿಬ್ಬಂದಿ ಲೆಡ್ ಆಸಿಡ್ ಬ್ಯಾಟರಿಯ ಸೆಟ್ಟಿಂಗನ್ನೇ ಇಡಲು ಹೇಳಿದರು. ಅದರಲ್ಲಿ ಚಾರ್ಜಿಂಗ್ 58.4 ವೋಲ್ಟಿನವರೆಗೆ ಏರುತ್ತದೆ. ಬ್ಯಾಟರಿಯೊಳಗಿನ ಹದಿನಾರು ಸೆಲ್ಲಿಗೆ ಹಂಚಿದರೆ ತಲಾ 3.65 ವೋಲ್ಟ್, ಅಂದರೆ ಈ ಬಗೆಯ ಸೆಲ್ಲಿನ ಕಟ್ಟಕಡೆಯ ಮಿತಿ. ಎಲ್ಲ ಸೆಲ್ಲುಗಳೂ ಸಮನಾಗಿ ಏರುವುದಿಲ್ಲವಾದ್ದರಿಂದ ಯಾವುದೋ ಒಂದು ಮಿತಿ ದಾಟಿದೊಡನೆ ಬಿಎಂಎಸ್ ಚಾರ್ಜಿಂಗ್ ಕಡಿದುಹಾಕುತ್ತದೆ, ಇನ್ವರ್ಟರ್ ಓವರ್ ವೋಲ್ಟೇಜ್ ಎಂದು ತೋರಿಸಿ ನಿಂತುಬಿಡುತ್ತದೆ. ಒಳ್ಳೆಯ ಬಿಸಿಲಿರುವ ಮಧ್ಯಾಹ್ನವೇ ಹೀಗಾಗುತ್ತದೆಂಬುದು ಇದರಲ್ಲಿನ ತಮಾಷೆ. ಪರದೆಯ ಫೋಟೊಗಳನ್ನು ಲಗತ್ತಿಸಿದ್ದೇನೆ.

ಆದ್ದರಿಂದ ಡಿಸಿಗೆಂದೇ ತಯಾರಾದ ಸೂಕ್ತ ವೋಲ್ಟೇಜಿನ ಎಂಸಿಬಿ ಹಾಗೂ ಸರಿಯಾದ ಕೇಬಲ್ಲನ್ನು ತಮ್ಮ ವೆಚ್ಚದಲ್ಲಿ ಕಳಿಸಬೇಕು, ಲಿಥಿಯಂ ಸೆಟ್ಟಿಂಗುಗಳನ್ನು ಲಿಖಿತವಾಗಿ ಕೊಡಬೇಕು, ಬ್ಯಾಟರಿಯ ಸೆಲ್ಲುಗಳನ್ನು ತಪಾಸಣೆ ಮಾಡಿಸಬೇಕು ಮತ್ತು ಗ್ರಾಹಕರು ಸ್ವತಃ ಜೋಡಿಸಿದ್ದರೂ ವಾರಂಟಿ ಅನ್ವಯವಾಗುತ್ತದೆಂದು ಪತ್ರ ನೀಡಬೇಕು. ಇದು ಸಾಧ್ಯವಿಲ್ಲವೆಂದಾದರೆ ಕಿಟ್ಟನ್ನು ಹಿಂಪಡೆದು ಪೂರ್ತಿ ಹಣ ಮರಳಿಸಬೇಕು.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸುವುದು ತಮ್ಮ ಹೊಣೆ. ಹಾಗಾಗದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ನಮ್ಮ ಜಿಲ್ಲೆಯ ಗ್ರಾಹಕ ಆಯೋಗದ ಮೊರೆ ಹೋಗುತ್ತೇನೆ.

ಇಂತಿ,
ತಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಜಾಹೀರಾತಿನ ಪ್ರತಿ, ಎಂಸಿಬಿ ಹಾಗೂ ಇನ್ವರ್ಟರ್ ಪರದೆಯ ಫೋಟೊಗಳು