ಮಗಳಿಗೊಂದು ಪತ್ರ: ನೀರು ಮುಟ್ಟಿಸುವ ಮುಂಚೆ

ಪ್ರೀತಿಯ ಪುಟ್ಟಿ,

ಬಟ್ಟೆಗೆ ಹೂವಿನದೋ ಹುಲ್ಲಿನದೋ ಕಲೆಯಾದ ಕೂಡಲೇ ಕೈ ನಲ್ಲಿಯ ಕಡೆಗೇ ಓಡುತ್ತದೆ. ಸ್ವಲ್ಪ ತಾಳು. ಯಾವುದರ ಕಲೆ ಅಂತ ಮೊದಲು ನೋಡಿಕೋ. ಒಂದನ್ನು ಬಿಡಿಸುವ ಮದ್ದೇ ಇನ್ನೊಂದನ್ನು ಕಾಯಂ ಮಾಡಿಬಿಡುತ್ತದೆ.

ನೀರು ಹಾಕಿ ಕೆಡಿಸಿಕೊಳ್ಳುವುದು ಹೆಚ್ಚಾಗಿ ಪರಾಗವನ್ನು. ಲಿಲ್ಲಿ ಹೂವಿನ ಕೇಸರಿ ಪುಡಿ ಮೈಮೇಲೆ ಬಿದ್ದಾಗ ಅದಿನ್ನೂ ಕಲೆಯಲ್ಲ, ನೂಲಿನ ಮೇಲೆ ಕೂತ ಧೂಳು ಅಷ್ಟೇ. ಒದ್ದೆ ಬೆರಳಲ್ಲಿ ಉಜ್ಜಿದರೆ ಎಣ್ಣೆ ಪಸೆಯ ಆ ಬಣ್ಣ ಎಳೆಯೊಳಗೆ ಇಳಿಯುತ್ತದೆ. ಬಟ್ಟೆ ಬಿಚ್ಚಿ ಮೆಲ್ಲಗೆ ಕೊಡವು. ಸೆಲ್ಲೋಟೇಪನ್ನು ಅಂಟು ಹೊರಗೆ ಬರುವ ಹಾಗೆ ಬೆರಳಿಗೆ ಸುತ್ತಿಕೊಂಡು, ಪುಡಿಯ ಮೇಲೆ ಒತ್ತಿ ನೆಟ್ಟಗೆ ಮೇಲಕ್ಕೆತ್ತು, ಅತ್ತಿತ್ತ ಎಳೆಯಬೇಡ. ಪ್ರತಿ ಸಲವೂ ಟೇಪಿನ ಹೊಸ ಭಾಗ, ಅದಕ್ಕೆ ಬಣ್ಣ ಹತ್ತುವುದು ನಿಲ್ಲುವ ತನಕ. ಆಮೇಲೂ ಮಬ್ಬು ಹಳದಿ ಉಳಿದರೆ ಕೆಲವು ಗಂಟೆ ಬಿಸಿಲಿಗೆ ಹರವು. ಆ ಬಣ್ಣ ಬೆಳಕಿಗೆ ಮಾಸುತ್ತದೆ. ಗಾಢ ಬಣ್ಣದ ಬಟ್ಟೆಯಾದರೆ ಮಾತ್ರ ಆಗಾಗ ನೋಡುತ್ತಿರು.

ಹುಲ್ಲಿನ ಹಸಿರು ನೀರಿನಲ್ಲಿ ಕರಗುವುದೇ ಇಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಕಲೆಯ ಅಡಿಗೆ ಬಿಳಿ ಅರಿವೆ ಇಟ್ಟು, 70% ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ (ನಾನು ಸ್ಪಿರಿಟ್ ಅನ್ನುವುದು ಇದನ್ನೇ) ಹತ್ತಿ ಅದ್ದಿ, ಅಂಚಿನಿಂದ ನಡುವಿಗೆ ತಟ್ಟುತ್ತಾ ಬಾ. ಕೆಳಗಿನ ಅರಿವೆ ಹಸಿರಾಗುತ್ತಾ ಹೋಗುತ್ತದೆ, ಅದನ್ನು ಸರಿಸುತ್ತಿರು. ಇಲ್ಲದಿದ್ದರೆ ಬಿಟ್ಟ ಬಣ್ಣವೇ ಮತ್ತೆ ಹತ್ತಿಕೊಳ್ಳುತ್ತದೆ. ಆರಿದ ಮೇಲೆ ಕಿಣ್ವ (ಎಂಜೈಮ್) ಇರುವ ಲಿಕ್ವಿಡ್ ಡಿಟರ್ಜೆಂಟ್ ಸವರಿ 15ರಿಂದ 30 ನಿಮಿಷ ಬಿಟ್ಟು ಒಗೆ. ರೇಷ್ಮೆ, ಉಣ್ಣೆಗೆ ಈ ಡಿಟರ್ಜೆಂಟ್ ಬೇಡವೇ ಬೇಡ. ಆ ನೂಲುಗಳೇ ಪ್ರೋಟೀನು, ಕಿಣ್ವ ಅವನ್ನೂ ತಿನ್ನುತ್ತದೆ. ರೇಷ್ಮೆಯಂತೆ ಹೊಳೆಯುವ ಅಸಿಟೇಟ್ ಅನ್ನುವ ಕೃತಕ ಬಟ್ಟೆಗೆ ಸ್ಪಿರಿಟ್ ಕೂಡ ಆಗದು. ಏನೇ ಹಚ್ಚುವ ಮುಂಚೆ ಒಳಹೊಲಿಗೆಯ ಹತ್ತಿರ ಒಂದು ತೊಟ್ಟು ಹಾಕಿ ನೋಡು.

ಎಸಳಿನ ಕಲೆಗೆ ಸೋಪು ತಾಗಿದರೆ ಕೆಂಪು ಇದ್ದದ್ದು ನೀಲಿಗೋ ಹಸಿರಿಗೋ ತಿರುಗಬಹುದು. ಹೆದರಬೇಡ, ಹೂವಿನ ಆ ಬಣ್ಣವೇ ಹಾಗೆ, ಕ್ಷಾರ ಕಂಡರೆ ಬದಲಾಗುತ್ತದೆ. ಮೊದಲು ಬಟ್ಟೆಯ ಹಿಂಬದಿಯಿಂದ ತಣ್ಣೀರು ಬಿಡು. ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಜಾಲಿಸಿ, ಆಮೇಲೆ ಲಿಕ್ವಿಡ್ ಡಿಟರ್ಜೆಂಟ್ ಹಾಕು. ಬಾರ್ ಸೋಪು ಬೇಡ, ಗಿಡದ ಒಗರು ಅದರಿಂದ ಇನ್ನೂ ಗಟ್ಟಿಯಾಗಿ ಕೂರುತ್ತದೆ. ವಿನೆಗರ್ ತಾಗಿದ ಬಟ್ಟೆಗೆ ಕ್ಲೋರಿನ್ ಬ್ಲೀಚ್ ಹಾಕಲೇಬಾರದು ಮಗಳೇ, ವಿಷಗಾಳಿ ಏಳುತ್ತದೆ.

ಮರದ ಅಂಟಾದರೆ ಐಸ್ ಇಟ್ಟು ಗಟ್ಟಿ ಮಾಡಿ, ಚಮಚದ ಅಂಚಿನಲ್ಲಿ ಕೆರೆದು ತೆಗೆ. ಉಳಿದದ್ದಕ್ಕೆ ಸ್ಪಿರಿಟ್.

ಒಗೆದ ಮೇಲೆ ಬಟ್ಟೆ ಇನ್ನೂ ಒದ್ದೆ ಇರುವಾಗಲೇ ಕಿಟಕಿಯ ಬೆಳಕಿಗೆ ಹಿಡಿದು ನೋಡು. ನೆರಳಿನಷ್ಟು ಕಲೆ ಉಳಿದಿದ್ದರೂ ಡ್ರೈಯರಿಗೆ ಹಾಕಬೇಡ, ಇಸ್ತ್ರಿ ಮುಟ್ಟಿಸಬೇಡ. ಕಾವು ತಾಗಿದ ಕಲೆ ಬಿಡುವುದು ಬಲು ಕಷ್ಟ. ಇನ್ನೊಂದು ಸಲ ಮೊದಲಿನಿಂದ ಮಾಡು.

ನಿನ್ನ
ಅಮ್ಮ