ಕಚ್ಚೆ ಹಾಕೋದು ಯಾರಿಗೆ ಗೊತ್ತು?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನಮ್ಮ ಬಡಾವಣೆಯ ಸಭಾಂಗಣದಲ್ಲಿ ಏಷ್ಯಾದ ಬೇರೆ ಬೇರೆ ದೇಶಗಳ ಹೆಂಗಸರು ತಮ್ಮ ಊರ ಉಡುಗೆಯಲ್ಲಿ ಸೇರಿದ್ದರು. ಜಪಾನಿನ ಹುಡುಗಿಯೊಬ್ಬಳು ಅವಸರದಲ್ಲಿ ಕಿಮೋನೋದ ಬಲಗಡೆಯ ಅಂಚನ್ನು ಮೇಲೆ ತಂದು ಕಟ್ಟಿಕೊಂಡಿದ್ದಳು. ಅವಳ ಅಜ್ಜಿ ಗಾಬರಿಯಾಗಿ ಓಡಿ ಬಂದು, ಪೂರ್ತಿ ಬಿಚ್ಚಿ, ಎಡಗಡೆಯದನ್ನು ಮೇಲೆ ತಂದು ಮತ್ತೆ ಕಟ್ಟಿದರು. ಬಲಗಡೆ ಮೇಲೆ ಬರುವುದು ಸತ್ತವರಿಗೆ ಉಡಿಸುವಾಗ ಮಾತ್ರ.

ಆ ಕೈಗಳನ್ನು ನೋಡಿ ನನಗೆ ನಮ್ಮ ಆಯಿ ನೆನಪಾದಳು. ಅಕ್ಕಲಕೋಟೆ ಕಡೆ ನಾವು ಅಜ್ಜಿಗೆ ಆಯಿ ಅಂತೀವಿ. ಊರು ಮಹಾರಾಷ್ಟ್ರದ್ದು, ಮನೆಮಾತು ಕನ್ನಡ, ಮೈಮೇಲೆ ಇಳಕಲ್ ಸೀರೆ. 18 ಮೊಳದ ಸೀರೆಯನ್ನು ಆಯಿ ಕನ್ನಡಿ ಇಲ್ಲದೆ ಉಡುತ್ತಿದ್ದಳು. ಸೊಂಟಕ್ಕೆ ಸುತ್ತಿ ಗಂಟು ಹಾಕಿ, ಮುಂದೆ ನಿರಿಗೆ ಹಿಡಿದು, ಕಾಲ ನಡುವಿಂದ ಹಿಂದಕ್ಕೆ ಎಳೆದು ಕಚ್ಚೆ ಸಿಕ್ಕಿಸಿದರೆ ಮುಗೀತು. ಒಳಲಂಗ ಇಲ್ಲ, ಪಿನ್ನು ಇಲ್ಲ. ಮೇಲೆ ಗುಳೇದಗುಡ್ಡ ಖಣದ ಕುಪ್ಪಸ, ಎದೆ ಹತ್ತಿರ ಒಂದು ಗಂಟು. 'ಬಿಗಿ ಇರಲಿ, ಹೊಲದಾಗ ಜಾರಬಾರದು' ಅನ್ನುತ್ತಿದ್ದಳು. ಅದೇ ಉಡುಗೆಯಲ್ಲಿ ಜೋಳ ಕೊಯ್ಯುತ್ತಿದ್ದಳು. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮನ ಜಾತ್ರೆಗೆ ಹೋಗಿ, ಜನಜಂಗುಳಿಯಲ್ಲಿ ನಂದಿಕೋಲು ನೋಡಿ ಬರುತ್ತಿದ್ದಳು.

ಇಳಕಲ್ ಸೀರೆಯ ಕೆಂಪು ಸೆರಗನ್ನು ಯಾವತ್ತಾದರೂ ತಿರುವಿ ನೋಡಿದ್ದೀರಾ? ಅದರ ಹಾಸುನೂಲೇ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗಳೇ, ಬೇರೆ. ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ, ಮುಂದೆ ನೇಯುತ್ತಾರೆ. ಸೆರಗು ಶುರುವಾಗುವ ಕಡೆ ಬೆರಳಾಡಿಸಿದರೆ ಆ ಕೊಂಡಿಗಳ ಸಾಲು ಕೈಗೆ ತಾಗುತ್ತದೆ. ಆಯಿಯ ಸೀರೆ ಎಷ್ಟೋ ಕಡೆ ಹರಿದಿದೆ, ಆ ಸಾಲು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಅವತ್ತು ಸಂಜೆ ಕೊರಿಯಾದವರ ಹನ್‌ಬೋಕ್ ನೋಡಿದೆ. ಅದರ ಗಿಡ್ಡ ರವಿಕೆಗೂ ಎದೆ ಹತ್ತಿರ ಗಂಟೇ! ಪಟ್ಟಿಯಿಂದ ಕಟ್ಟುವುದು. ವಿಯೆಟ್ನಾಮಿನ ಆವೋ ಜಾಯ್ ಸೊಂಟದಿಂದ ಎರಡೂ ಕಡೆ ಸೀಳಿರುತ್ತದೆ, ಒಳಗೆ ಪೈಜಾಮ. ಇಂಡೋನೇಷ್ಯಾ, ಮಲೇಷ್ಯಾ ಕಡೆಯ ಕೆಬಾಯಾ ಅನ್ನುವ ಮೇಲಂಗಿಯನ್ನು 5 ದೇಶಗಳು ಒಟ್ಟಿಗೆ ಅರ್ಜಿ ಹಾಕಿ 2024ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿಸಿದವು.

ನಮ್ಮ ಕನ್ನಡ ಕೂಟದಿಂದ ಹೋದ ಎಲ್ಲರೂ ಉಟ್ಟಿದ್ದು ಒಂದೇ ಥರ. ಒಳಲಂಗ, ಮುಂದೆ ನಿರಿಗೆ, ಎಡಭುಜದ ಮೇಲೆ ಸೆರಗು. ಚೆನ್ನಾಗಿಯೇ ಇತ್ತು, ನಾನೂ ಹಾಗೇ ಉಟ್ಟಿದ್ದೆ. ಆದರೆ ಈ ರೀತಿ ಅಷ್ಟೇನೂ ಹಳೆಯದಲ್ಲ. ರವೀಂದ್ರನಾಥ ಠಾಕೂರರ ಅತ್ತಿಗೆ ಜ್ಞಾನದಾನಂದಿನಿ ದೇವಿ 19ನೇ ಶತಮಾನದಲ್ಲಿ ಮುಂಬಯಿಯ ಪಾರ್ಸಿ ಹೆಂಗಸರನ್ನು ನೋಡಿ ಸೀರೆ ಉಡುವ ಹೊಸ ರೀತಿ ಕಲಿತರು. ರವಿಕೆ, ಒಳಲಂಗ ಸೇರಿಸಿ ಅದನ್ನು ಬಂಗಾಳದಲ್ಲಿ ಬೇರೆಯವರಿಗೂ ಕಲಿಸಿದರು. ಇವತ್ತಿನ ನಮ್ಮ ಉಡುಗೆಗೆ ದಾರಿ ಮಾಡಿದವರಲ್ಲಿ ಅವರೂ ಒಬ್ಬರು. ಅವರ ಗಂಡ ಸತ್ಯೇಂದ್ರನಾಥ ಕಾರವಾರದಲ್ಲೂ ನಮ್ಮ ಸೊಲ್ಲಾಪುರದಲ್ಲೂ ನ್ಯಾಯಾಧೀಶರಾಗಿದ್ದರು. ಅದನ್ನು ಓದಿದಾಗ ನನಗೆ ತುಂಬಾ ಖುಷಿಯಾಗಿತ್ತು.

ನನ್ನ ಚಿಂತೆ ಸೀರೆಯದ್ದಲ್ಲ. ಸೀರೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಉಡುವ ರೀತಿಯನ್ನು ಒಬ್ಬರ ಕೈ ನೋಡಿ ಇನ್ನೊಬ್ಬರು ಕಲಿಯದಿದ್ದರೆ ಅದು ಹೋದ ಹಾಗೇ ಅಲ್ವಾ? ಜಪಾನಿನಲ್ಲಿ ಕಿಮೋನೋ ಉಡುವುದನ್ನು ಕಲಿಸುವ ಶಾಲೆಗಳೇ ಇವೆ. ನಮ್ಮಲ್ಲಿ ಬೀದರ್, ಜತ್, ಸೊಲ್ಲಾಪುರದಿಂದ ಬಂದ ಎಷ್ಟು ಮನೆಗಳಿವೆ! ನಾನಂತೂ ಆಯಿಯಿಂದ ಕಚ್ಚೆ ಕಲಿಯಲಿಲ್ಲ. ನಾಳೆ ಕಲಿತರಾಯಿತು ಅಂದುಕೊಂಡೆ, ಅವಳು ಹೋಗಿಬಿಟ್ಟಳು.

ಊರಿಂದ ಬಂದಿರುವ ತಾಯಂದಿರು, ಅತ್ತೆಯರು ನಿಮ್ಮ ಮನೆಯಲ್ಲಿದ್ದರೆ ಯುಗಾದಿ ಕೂಟಕ್ಕೆ ಒಂದು ತಾಸು ಮುಂಚೆ ಕರೆದುಕೊಂಡು ಬನ್ನಿ. ಚಿಕ್ಕ ಕೋಣೆ ಕೇಳಿ ಇಟ್ಟಿದ್ದೇವೆ, ಕೂರಲು ಚಾಪೆ ಇರುತ್ತದೆ. ಆಯಿಯ 18 ಮೊಳದ ಸೀರೆಗಳು ನನ್ನ ಹತ್ತಿರ ಎರಡಿವೆ, ತರುತ್ತೇನೆ. ಮೊದಲು ಕಲಿಯುವವಳು ನಾನೇ.